ಆ್ಯಂಟಿಬಾಡಿಗೂ ಆಡಿಟ್ ಬೇಕು

ಕಾಮರ್ಸ್ ಓದುವ ನನಗೂ ಆ್ಯಂಟಿಬಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಶುರುವಾದದ್ದು ಬೆಲೆಯಿಂದ. ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದುತ್ತಿರುವ ನಮ್ಮ ಆಪಾ, ಲ್ಯಾಬಿಗೆ ತರಿಸುವ ಒಂದು ಪುಟ್ಟ ಶೀಶೆಗೆ ಹತ್ತಾರು ಸಾವಿರ ರೂಪಾಯಿ ಎಂದರು. ಒಳಗಿರುವುದು 100 ಮೈಕ್ರೋಲೀಟರ್, ಅಂದರೆ ಸುಮಾರು ಎರಡು ಹನಿ! ಅಷ್ಟು ದುಡ್ಡಿಗೆ ಏನು ಸಿಗುತ್ತದೆ ಎಂದು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ ಮೈಟೋಕಾಂಡ್ರಿಯಾ. ಅದರಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್‌ಗಳಿವೆ. ಅದು ತಾನೇ ತಯಾರಿಸಿಕೊಳ್ಳುವುದು 13 ಮಾತ್ರ. ಉಳಿದವು ಹೊರಗಿನಿಂದ ಬರಬೇಕು. ಹಾಗೆ ಬರುವವನ್ನು ಬಾಗಿಲಲ್ಲೇ ಗುರುತಿಸುವ ಪ್ರೋಟೀನ್‌ಗಳಲ್ಲಿ ಒಂದು ಟಾಮ್20. ಪ್ರೋಟೀನ್‌ಗಳು ಒಳಬರುವ ಈ ದಾರಿಯ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಪ್ರೊ. ಪ್ಯಾಟ್ರಿಕ್ ಡಿಸಿಲ್ವಾ ಅವರ ತಂಡ ಸಂಶೋಧನೆ ಮಾಡಿದೆ. ಯಡಿಯೂರಿನಿಂದ ಜಯನಗರ ದಾಟಿದರೆ ಸಿಗುವ ನಿಮ್ಹಾನ್ಸ್‌ನಲ್ಲಿ, ಮೈಟೋಕಾಂಡ್ರಿಯಾ ಕೆಟ್ಟು ನರ ಮತ್ತು ಸ್ನಾಯುಗಳಿಗೆ ಬರುವ ಕಾಯಿಲೆಗಳ ಅಧ್ಯಯನ ನಡೆದಿದೆ.

ಇಂಥ ಪ್ರೋಟೀನನ್ನು ಪತ್ತೆ ಮಾಡಲು ಆ್ಯಂಟಿಬಾಡಿ ಬೇಕು. ಮೊಲಕ್ಕೋ ಇಲಿಗೋ ಆ ಪ್ರೋಟೀನಿನ ತುಣುಕನ್ನು ಚುಚ್ಚಿದರೆ, ಅದಕ್ಕೆ ಅಂಟಿಕೊಳ್ಳುವ ಆ್ಯಂಟಿಬಾಡಿ ಪ್ರಾಣಿಯ ದೇಹದಲ್ಲಿ ತಯಾರಾಗುತ್ತದೆ. ಒಂದೇ ಬಗೆಯ ಆ್ಯಂಟಿಬಾಡಿಯನ್ನು ಲ್ಯಾಬಿನಲ್ಲೇ ಬೆಳೆಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟರು. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಪರೀಕ್ಷೆಯ ಹೆಸರು ವೆಸ್ಟರ್ನ್ ಬ್ಲಾಟ್. ಜೀವಕೋಶ ಒಡೆದು, ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳು ಹಾಳೆಗೆ ವರ್ಗಾಯಿಸುತ್ತಾರೆ. ಖಾಲಿ ಜಾಗಕ್ಕೆಲ್ಲ ಆ್ಯಂಟಿಬಾಡಿ ಅಂಟದಿರಲೆಂದು ಹಾಳೆಯನ್ನು ಹೆಚ್ಚಾಗಿ ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಲ್ಲಿ ನೆನೆಸುತ್ತಾರೆ. ಆಮೇಲೆ ಆ್ಯಂಟಿಬಾಡಿ ಹಾಕುತ್ತಾರೆ. ನಂತರ ಅದನ್ನು ಹಿಡಿಯುವ ಎರಡನೇ ಆ್ಯಂಟಿಬಾಡಿ. ಕೊನೆಗೆ ಒಂದು ಪಟ್ಟೆ ಮೂಡುತ್ತದೆ.

ಆದರೆ ಆ ಪಟ್ಟೆ ಟಾಮ್20ನದೇ ಎಂದು ಹೇಗೆ ನಂಬುವುದು? ನನಗೆ ಅಕೌಂಟೆನ್ಸಿ ನೆನಪಾಯಿತು. ರಹೀಮನ ಖಾತೆಗೆ ಹೋಗಬೇಕಾದ ಮೊತ್ತ ಕರೀಮನ ಖಾತೆಗೆ ಹೋದರೂ ತಾಳೆಪಟ್ಟಿ ಸರಿಹೊಂದುತ್ತದೆ. ಹಾಗೆಯೇ ಆ್ಯಂಟಿಬಾಡಿ ಬೇರೆ ಪ್ರೋಟೀನಿಗೆ ಅಂಟಿದರೂ ಪಟ್ಟೆ ಬರುತ್ತದೆ. ಅದಕ್ಕೇ ಆಡಿಟ್ ಬೇಕು. ಟಾಮ್20ನ ಗಾತ್ರ ಸುಮಾರು 16 ಕಿಲೋಡಾಲ್ಟನ್. ಪಟ್ಟೆ ಅಲ್ಲೇ ಬಂತೇ? ಆ ಪ್ರೋಟೀನಿನ ಜೀನ್ ತೆಗೆದುಹಾಕಿದ ಜೀವಕೋಶದಲ್ಲಿ ಪಟ್ಟೆ ಮಾಯವಾಯಿತೇ? ಅದೇ ಪ್ರೋಟೀನಿನ ಬೇರೊಂದು ಭಾಗಕ್ಕೆ ಅಂಟುವ ಆ್ಯಂಟಿಬಾಡಿಯೂ ಅದೇ ಉತ್ತರ ಕೊಟ್ಟಿತೇ? 2016ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ ಇಂಥ ಐದು ಬಗೆಯ ಪರೀಕ್ಷೆಗಳನ್ನು ಸೂಚಿಸಿತು.

ಇದು ಬರೀ ಲ್ಯಾಬಿನವರ ತಲೆನೋವಲ್ಲ. ಸರಿಯಿಲ್ಲದ ಆ್ಯಂಟಿಬಾಡಿಗಳಿಂದ ಅಮೆರಿಕದಲ್ಲೇ ವರ್ಷಕ್ಕೆ 35 ಕೋಟಿ ಡಾಲರ್ ವ್ಯರ್ಥವಾಗುತ್ತಿದೆ ಎಂದು 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಅಂದಾಜಿಸಿದರು. ನಮ್ಮಲ್ಲೂ ಸಂಶೋಧನೆಗೆ ಹೋಗುವುದರಲ್ಲಿ ಬಹುಪಾಲು ಜನರ ತೆರಿಗೆಯ ಹಣ. ತಪ್ಪು ಪಟ್ಟೆಯನ್ನು ನಂಬಿದರೆ ಹಣದ ಜೊತೆಗೆ ರೋಗಿಗಳ ವರ್ಷಗಳೂ ಹೋಗುತ್ತವೆ.

ಸೈನ್ಸ್ ವಿಭಾಗದ ಗೆಳೆಯರೇ, ನಾಳೆ ನೀವು ಲ್ಯಾಬಿಗೆ ಹೋದಾಗ ಶೀಶೆಯ ಮೇಲಿನ ಹೆಸರು ಓದಿ ಸುಮ್ಮನಾಗಬೇಡಿ. ಪರೀಕ್ಷಿಸಿದ ದಾಖಲೆ ಎಲ್ಲಿದೆ ಎಂದು ಕೇಳಿ. ವೋಚರ್ ನೋಡದೆ ನಾವು ಲೆಕ್ಕ ಒಪ್ಪುವುದಿಲ್ಲವಲ್ಲ!