ಗೆರೆ ದಾಟಿದ ಚೆಂಡು

ಗೋವೆಯು ಪೋರ್ತುಗೀಜರ ಆಳ್ವಿಕೆಯಲ್ಲಿದ್ದ ದಿನಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್ ಗಡಿಯ ರೇಲ್ವೆ ನಿಲ್ದಾಣವಾಗಿತ್ತು. ಘಟ್ಟವನ್ನೇರಿ ಬಂದ ಗಾಡಿಯು ಅಲ್ಲಿ ನಿಲ್ಲುವದು. ಸುಂಕದವರು ಪ್ರಯಾಣಿಕರ ಗಂಟುಮೂಟೆಗಳನ್ನು ಬಿಚ್ಚಿಸಿ ನೋಡುವರು. ಗೆರೆ ದಾಟಿದ ಯಾವ ವಸ್ತುವೂ ಕಣ್ಣಿಗೆ ಬೀಳದೆ ಹೋಗಬಾರದೆಂಬದೇ ಆ ಏರ್ಪಾಡಿನ ಉದ್ದೇಶವು. 1961ರ ಡಿಸೆಂಬರಿನಲ್ಲಿ ಆ ಗಡಿಯೇ ಅಳಿಯಿತು. ಫುಟ್‌ಬಾಲ್ ಅಂಗಳದ ಗೆರೆಗಳಿಗೂ ಇಂಥ ಕಾವಲುಗಾರರುಂಟು: ನಡುವೆ ಓಡಾಡುವ ರೆಫರಿಯೂ, ಬದಿಯಲ್ಲಿ ಬಾವುಟ ಹಿಡಿದ ಇಬ್ಬರು ಸಹಾಯಕರೂ. ಅವರ ಕಣ್ಣು ತಪ್ಪಿದರೆ ಏನಾಗುವದೆಂಬದನ್ನು ನಮ್ಮ ದೇಶದವರು 2024ರ ಜೂನ್ 11ರ ರಾತ್ರಿ ಕಂಡರು.

ಅಂದು ಕತಾರಿನ ದೋಹಾ ಬಳಿ ವಿಶ್ವಕಪ್ಪಿನ ಅರ್ಹತಾ ಪಂದ್ಯ ನಡೆದಿತ್ತು. ಗೆದ್ದಿದ್ದರೆ ಭಾರತವು ಮೊಟ್ಟಮೊದಲ ಬಾರಿಗೆ ಮೂರನೆಯ ಸುತ್ತನ್ನು ಸೇರುತ್ತಿತ್ತು. ಸುನಿಲ್ ಛೇತ್ರಿಯು ಐದು ದಿನಗಳ ಹಿಂದಷ್ಟೇ ದೇಶದ ಪರ ಆಡುವದನ್ನು ನಿಲ್ಲಿಸಿದ್ದನು. ಆದಕಾರಣ ನಾಯಕತ್ವವು ಬೆಂಗಳೂರು ಎಫ್‌ಸಿಯ ಗೋಲುರಕ್ಷಕ ಗುರ್‌ಪ್ರೀತ್ ಸಿಂಗ್ ಸಂಧುವಿನ ಹೆಗಲೇರಿತ್ತು. 37ನೆಯ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದನು. 73ನೆಯ ನಿಮಿಷದವರೆಗೂ ಆ ಒಂದು ಗೋಲಿನ ಮುನ್ನಡೆಯು ಉಳಿಯಿತು.

ಆಗ ಕತಾರಿನ ಆಟಗಾರನೊಬ್ಬನು ತಲೆಯಿಂದ ಹೊಡೆದ ಚೆಂಡನ್ನು ಗುರ್‌ಪ್ರೀತ್ ತಡೆದನು. ಚೆಂಡು ಅವನಿಂದ ಜಾರಿ, ಗೋಲುಕಂಬದ ಹೊರಬದಿಯಲ್ಲಿ ಗೆರೆಯನ್ನು ದಾಟಿ ಉರುಳಿತು. ನಮ್ಮವರು ಸೀಟಿಯನ್ನು ಕಾಯುತ್ತ ನಿಂತರು. ಅಷ್ಟರಲ್ಲಿ ಹಾಶ್ಮಿ ಹುಸೇನ್ ಅದನ್ನು ಕಾಲಿನಿಂದ ಒಳಕ್ಕೆಳೆದನು. ಯೂಸುಫ್ ಐಮನ್ ಬಲೆಗೆ ನೂಕಿದನು. ಚೆಂಡು ಇಡಿಯಾಗಿ ಗೆರೆಯನ್ನು ದಾಟಿದೊಡನೆ ಆಟವು ನಿಲ್ಲಬೇಕೆಂಬದು ನಿಯಮ. ಆದರೆ ದಕ್ಷಿಣ ಕೊರಿಯದ ರೆಫರಿಯು ಗೋಲನ್ನು ಎತ್ತಿಹಿಡಿದನು. 85ನೆಯ ನಿಮಿಷದಲ್ಲಿ ಕತಾರಿಗೆ ಇನ್ನೊಂದು ಗೋಲು ಸಿಕ್ಕಿತು. ಅಲ್ಲಿಗೆ ಭಾರತದ ಆಸೆ ಮುಗಿಯಿತು. ಚಿತ್ರವನ್ನು ಮತ್ತೆ ನೋಡಿ ತಿದ್ದುವ ಯಂತ್ರವ್ಯವಸ್ಥೆಯು ಆ ಸುತ್ತಿನ ಪಂದ್ಯಗಳಿಗೆ ಇರಲಿಲ್ಲ. ಸಿರಿವಂತರ ಪಂದ್ಯಗಳಿಗೆ ಯಂತ್ರ, ಬಡವರ ಪಂದ್ಯಗಳಿಗೆ ಬರಿಗಣ್ಣು! ನಮ್ಮ ಫುಟ್‌ಬಾಲ್ ಸಂಘವು ಫೀಫಾಕ್ಕೂ ಏಷ್ಯದ ಸಂಘಕ್ಕೂ ದೂರು ಬರೆಯಿತು. ಫಲಿತಾಂಶವು ಬದಲಾಗಲಿಲ್ಲ. ಆಟದ ಸಂಗತಿಗಳಲ್ಲಿ ರೆಫರಿಯ ತೀರ್ಪೇ ಕೊನೆಯದೆಂದು ನಿಯಮವುಂಟಷ್ಟೆ. ಈ ನಿಯಮವು ಕೆಟ್ಟದ್ದೆಂದು ನಾವು ಹೇಳಲಾರೆವು. ಪ್ರತಿಯೊಂದು ತೀರ್ಪನ್ನೂ ಮರುದಿನ ಕೆದಕುವದಾದರೆ ಯಾವ ಪಂದ್ಯವೂ ಮುಗಿಯಲಾರದು. ಆದರೆ ರೆಫರಿಗೆ ಕಾಣದ್ದು ಹುಸೇನನಿಗೆ ಕಾಣಲಿಲ್ಲವೆ? ಚೆಂಡು ಅವನ ಕಾಲ ಬಳಿಯೇ ಇತ್ತು.

ಕೈ ತಗುಲಿದ ಚೆಂಡಿನ ಪ್ರಕರಣಗಳಲ್ಲಂತೂ ಈ ಪ್ರಶ್ನೆಯು ಇನ್ನೂ ಹರಿತವಾಗುವದು, ತನ್ನ ಕೈ ಮಾಡಿದ್ದನ್ನು ಅರಿಯದವರಾರು? 1986ರ ಜೂನ್ 22ರಂದು ಮೆಕ್ಸಿಕೋದಲ್ಲಿ ಅರ್ಜೆಂಟೀನಾದ ಮರಡೋನಾ ಇಂಗ್ಲೆಂಡಿನ ಮೇಲೆ ಎಡಗೈಯಿಂದ ಗೋಲು ಹೊಡೆದನು. ಟ್ಯುನೀಷಿಯದ ರೆಫರಿ ಅಲಿ ಬೆನ್ನಾಸರನು ತನ್ನ ಸಹಾಯಕನತ್ತ ನೋಡಿ, ಆಕ್ಷೇಪಣೆ ಬಾರದ್ದರಿಂದ ಗೋಲು ಕೊಟ್ಟನು. ಅಂದಿನ ಚೆಂಡು ಆ ರೆಫರಿಯ ಬಳಿಯೇ ಉಳಿದು, 2022ರ ಹರಾಜಿನಲ್ಲಿ ಸುಮಾರು 20 ಲಕ್ಷ ಪೌಂಡಿಗೆ ಮಾರಾಟವಾಯಿತು. ತಪ್ಪಿಗೂ ಎಂಥ ಬೆಲೆ ನೋಡಿರಿ!

2009ರ ನವೆಂಬರ್ 18ರಂದು ಪ್ಯಾರಿಸ್ಸಿನ ಬಳಿ ಫ್ರಾನ್ಸಿನ ಥಿಯೆರ್ರಿ ಹೆನ್ರಿಯು ಕೈಯಿಂದ ಚೆಂಡನ್ನು ತಡೆದು ಗಲಾಸನಿಗೆ ಕೊಟ್ಟನು. ಆ ಗೋಲಿನಿಂದ ಐರ್ಲೆಂಡ್ ವಿಶ್ವಕಪ್ಪಿನಿಂದ ಹೊರಬಿತ್ತು. ಹೆನ್ರಿಯು ಪಂದ್ಯವಾದೊಡನೆ ಒಪ್ಪಿಕೊಂಡನು. ಮರುಪಂದ್ಯವೇ ನ್ಯಾಯವೆಂದೂ ಎರಡು ದಿನಗಳ ಮೇಲೆ ಹೇಳಿದನು. ಫೀಫಾ ಮರುಪಂದ್ಯವನ್ನೂ ನಿರಾಕರಿಸಿತು, ಹೆನ್ರಿಗೆ ದಂಡವನ್ನೂ ವಿಧಿಸಲಿಲ್ಲ. ಆದರೆ ಐರಿಷ್ ಸಂಘವು ನ್ಯಾಯಾಲಯಕ್ಕೆ ಹೋಗದಂತೆ 50 ಲಕ್ಷ ಯೂರೋ ಕೊಟ್ಟಿದ್ದ ಸಂಗತಿಯು 2015ರಲ್ಲಿ ಹೊರಬಿತ್ತು. ಸೋತ ತಂಡಕ್ಕೆ ಪಂದ್ಯ ಸಿಗಲಿಲ್ಲ, ಸಂಘಕ್ಕೆ ಹಣ ಸಿಕ್ಕಿತು.

ಯಂತ್ರವಿದ್ದರೆ ಎಲ್ಲವೂ ಸರಿಹೋದೀತೆಂಬ ವಾಚಕರು 2024ರ ಜುಲೈ 5ರ ಸ್ಟುಟ್‌ಗಾರ್ಟ್ ಪಂದ್ಯವನ್ನು ನೆನೆಯಬೇಕು. ಜರ್ಮನಿಯ ಹೊಡೆತವು ಸ್ಪೇನಿನ ಕುಕುರೆಯ್ಯಾನ ಕೈಗೆ ಬಡಿಯಿತು. ಯಂತ್ರವಿದ್ದರೂ ಪೆನಾಲ್ಟಿ ಸಿಗಲಿಲ್ಲ. ಕೊಡಬೇಕಾಗಿತ್ತೆಂದು ಯುರೋಪಿನ ಸಂಘವು ಒಪ್ಪಿದ್ದು ಸೆಪ್ಟೆಂಬರಿನಲ್ಲಿ; ಅಷ್ಟರೊಳಗೆ ಸ್ಪೇನ್ ಕಪ್ಪನ್ನು ಗೆದ್ದಾಗಿತ್ತು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಮನೆಯ ಮಾತನ್ನೂ ಆಡಬೇಕು. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಅಂಗಳದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವು ಅಡ್ಡಗೋಡೆ ಕಟ್ಟಿಕೊಳ್ಳುತ್ತಿದ್ದಂತೆಯೇ ಛೇತ್ರಿಯು ಫ್ರೀಕಿಕ್ ಹೊಡೆದು ಗೋಲು ಮಾಡಿದನು. ರೆಫರಿಯು ಅದನ್ನು ಒಪ್ಪಿದನು. ಕೇರಳದವರು ಅಂಗಳ ಬಿಟ್ಟು ನಡೆದರು. ಮುಂದೆ 4 ಕೋಟಿ ರೂಪಾಯಿ ದಂಡ ತೆತ್ತುಕೊಂಡರು. ಕಾಯದೆಯು ಬೆಂಗಳೂರಿನ ಪರವಾಗಿಯೇ ಇತ್ತು. ಕಾಯಿರೆಂದು ರೆಫರಿಯು ಹೇಳದಿದ್ದರೆ ಫ್ರೀಕಿಕ್ಕನ್ನು ಕೂಡಲೆ ಹೊಡೆಯಬಹುದು. ಆ ರಾತ್ರಿ ರೆಫರಿಯ ತೀರ್ಪೇ ಕೊನೆಯದೆಂದು ನಾವೆಲ್ಲರೂ ಬಹು ಗಟ್ಟಿಯಾಗಿ ಹೇಳಿದೆವು. ಅಂದು ಬೆಂಗಳೂರಿನ ಗೋಲನ್ನು ಕಾದು ನಿಂತಿದ್ದವನೂ ಗುರ್‌ಪ್ರೀತನೇ.