ಬದುವಿನ ಮೇಲಿನ ಠೇವಣಿ

ಮಕ್ಕಳೇ, ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಬರುತ್ತದೆ ಎಂಬುದು ನಿಮಗೆ ಗೊತ್ತು. ಹೊಲದ ಬದುವಿನ ಮೇಲೂ ಅಂಥದೊಂದು ಠೇವಣಿ ಇಡಬಹುದು. ಅದಕ್ಕೆ ಬೇಕಾದದ್ದು ಒಂದು ಹಿಡಿ ಬೀಜ, ಒಂದು ವರ್ಷದ ತಾಳ್ಮೆ. ಬಡ್ಡಿ ಸೊಪ್ಪಿನ ರೂಪದಲ್ಲಿ ಬರುತ್ತದೆ. ಅದನ್ನು ತಿನ್ನುವುದು ಕೊಟ್ಟಿಗೆಯ ಹಸು!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಹಸು ಕೊಳ್ಳಲು ಪಡೆದ ಸಾಲದ ಖಾತೆಗಳನ್ನು ಬರೆಯುತ್ತಿದ್ದೆ. ಮಳೆಗಾಲದಲ್ಲಿ ಕಂತು ಸರಿಯಾಗಿ ಬರುತ್ತಿತ್ತು. ಬೇಸಿಗೆಯಲ್ಲಿ ಬದುವಿನ ಹುಲ್ಲು ಒಣಗಿದರೆ ಹಾಲು ಇಳಿಯುತ್ತಿತ್ತು, ಕಂತೂ ತಪ್ಪುತ್ತಿತ್ತು. ರಾಗಿ ಹುಲ್ಲು ಹಸುವಿನ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ. ಹಿಂಡಿ, ಬೂಸಾ ಕೊಳ್ಳಲು ಒಂದೆರಡು ಎಕರೆಯ ರೈತನ ಕೈಯಲ್ಲಿ ದುಡ್ಡಿರುವುದಿಲ್ಲ. ಕೊನೆಗೆ ಕೆಲವರು ಹಸುವನ್ನೇ ಸಂತೆಗೆ ಹೊಡೆಯುತ್ತಿದ್ದರು.

ಬಿಸಿಲಿನಲ್ಲೂ ಹಸಿರಾಗಿ ನಿಲ್ಲುವ ಮೇವು ಬೇಕೆಂದರೆ ಬೇರು ಆಳಕ್ಕೆ ಇಳಿಯಬೇಕು. ಅದು ಮರಕ್ಕೆ ಸಾಧ್ಯ. ವೀಳ್ಯದೆಲೆ ಬಳ್ಳಿ ಹಬ್ಬಿಸಲು ಬೆಳೆಸುವ ಅಗಸೆ ಮರವನ್ನು ಅಜ್ಜ-ಅಜ್ಜಿಯರು ನೋಡಿಯೇ ಇರುತ್ತಾರೆ. ಕೆಲವು ಕಡೆ ಅದನ್ನೇ ಚೊಗಚೆ ಎನ್ನುತ್ತಾರೆ. (ಎಣ್ಣೆ ತೆಗೆಯುವ ಅಗಸೆ ಬೇರೆ.) ಸುಬಾಬುಲ್ ಮತ್ತು ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವು. ಮಹಾರಾಷ್ಟ್ರದ ಉರುಳಿಕಾಂಚನದಲ್ಲಿ 1967ರಲ್ಲಿ ಬೈಫ್ ಸಂಸ್ಥೆಯನ್ನು ಕಟ್ಟಿದ ಗಾಂಧೀಜಿಯ ಶಿಷ್ಯ ಮಣಿಭಾಯಿ ದೇಸಾಯಿ ಸುಬಾಬುಲನ್ನು ರೈತರಲ್ಲಿ ಹರಡಲು ಶ್ರಮಿಸಿದರು.

ಈ ಮೂರೂ ತೊಗರಿ, ಅವರೆಯ ನೆಂಟರು. ಇವುಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತವೆ. ಆದ್ದರಿಂದಲೇ ಇವುಗಳ ಸೊಪ್ಪಿನಲ್ಲಿ ಪ್ರೋಟೀನ್ ಹೆಚ್ಚು. ಒಣಗಿಸಿ ತೂಗಿದರೆ ಸುಮಾರು ಐದರಲ್ಲಿ ಒಂದು ಪಾಲು ಪ್ರೋಟೀನೇ.

ನೆಡುವುದು ಹೇಗೆ? ಸುಬಾಬುಲ್ ಬೀಜದ ಸಿಪ್ಪೆ ಬಲು ಗಟ್ಟಿ. ಸುಮಾರು 80 ಡಿಗ್ರಿ ಬಿಸಿಯ ನೀರಿನಲ್ಲಿ ಮೂರು-ನಾಲ್ಕು ನಿಮಿಷ ಇಟ್ಟು, ಆಮೇಲೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಬೇಕು. ಬಿಸಿನೀರಿನ ಕೆಲಸ ದೊಡ್ಡವರದು, ಬಿತ್ತುವುದು ಮಕ್ಕಳದು. ಗೊಬ್ಬರದ ಗಿಡವನ್ನು ಬಲಿತ ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆ. ಸುಬಾಬುಲ್ ಸಸಿ ಮೊದಲ ತಿಂಗಳುಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಆಗ ಕಳೆ ಕಿತ್ತು, ಮೇಕೆಗೆ ಸಿಗದಂತೆ ಮುಳ್ಳು ಕಟ್ಟಬೇಕು. ಮೊದಲ ವರ್ಷ ಕುಡುಗೋಲು ತಾಗಿಸದಿದ್ದರೆ ಒಳ್ಳೆಯದು. ಅಸಲು ಬೆಳೆಯುವ ಕಾಲ ಅದು.

ಈಗ ಒಂದು ಲೆಕ್ಕ. ಚೌಕವಾದ ಒಂದು ಎಕರೆಯ ಪ್ರತಿ ಬದಿ ಸುಮಾರು 209 ಅಡಿ. ನಾಲ್ಕು ಬದಿ ಸೇರಿ 836 ಅಡಿ. ಮೂರು ಅಡಿಗೊಂದು ಸುಬಾಬುಲ್ ನೆಟ್ಟರೆ ಸುಮಾರು 278 ಗಿಡ. ದಿನಕ್ಕೆ ಐದು ಗಿಡ ಸವರಿದರೆ ಸುತ್ತು ಮುಗಿಯಲು ಎಷ್ಟು ದಿನ? ಸುಮಾರು 56! ಅಷ್ಟರಲ್ಲಿ ಮೊದಲನೆಯ ಗಿಡ ಮತ್ತೆ ಚಿಗುರಿರುತ್ತದೆ. ಕಡುಬೇಸಿಗೆಯಲ್ಲಿ ಚಿಗುರು ನಿಧಾನ, ಆಗ ದಿನಕ್ಕೆ ಮೂರೋ ನಾಲ್ಕೋ ಸಾಕು. ಸುಬಾಬುಲನ್ನು ನೆಲದಿಂದ ಮೂರು ಅಡಿ ಬಿಟ್ಟು ಕತ್ತರಿಸಬೇಕು. ಅಗಸೆಯ ಪಕ್ಕದ ಕೊಂಬೆಗಳನ್ನಷ್ಟೇ ತೆಗೆಯಬೇಕು, ಬುಡ ಕಡಿದರೆ ಮರವೇ ಸತ್ತೀತು. ಅಸಲಿಗೆ ಕೈಹಾಕಿದರೆ ಬಡ್ಡಿ ಎಲ್ಲಿಂದ ಬರಬೇಕು?

ಸೊಪ್ಪು ಒಳ್ಳೆಯದೆಂದು ಅದನ್ನೇ ಹೊಟ್ಟೆತುಂಬ ಹಾಕಬಾರದು. ಸುಬಾಬುಲ್‌ನಲ್ಲಿ ಮೈಮೋಸಿನ್ ಎಂಬ ವಿಷಾಂಶವಿದೆ. ಹೆಚ್ಚು ತಿಂದರೆ ದನದ ಕೂದಲು ಉದುರುತ್ತದೆ. ಆಸ್ಟ್ರೇಲಿಯಾದ ದನಗಳಿಗೆ ಹೀಗಾಗುತ್ತಿತ್ತು, ಹವಾಯಿ ದ್ವೀಪದ ಮೇಕೆಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ! ಆ ಮೇಕೆಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ವಿಷವನ್ನು ಮುರಿಯುತ್ತವೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ತೋರಿಸಿದರು. 1992ರಲ್ಲಿ ಅಂಥ ಒಂದು ಜೀವಿಗೆ ಅವರ ಗೌರವಾರ್ಥ ‘ಸಿನರ್ಜಿಸ್ಟೀಸ್ ಜೋನ್ಸಿ’ ಎಂಬ ಹೆಸರು ಬಂತು. ನಾವು ಪಾಲಿಸಬೇಕಾದ ನಿಯಮ ಸುಲಭ: ಮರದ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರಬಾರದು. ಕುದುರೆ, ಕತ್ತೆ, ಮೊಲಗಳಿಗೆ ಸುಬಾಬುಲ್ ಬೇಡವೇ ಬೇಡ. ಗೊಬ್ಬರದ ಗಿಡದ ವಾಸನೆಗೆ ಹಸು ಮೊದಲು ಮೂತಿ ತಿರುಗಿಸುತ್ತದೆ. ಸೊಪ್ಪನ್ನು ಕೆಲವು ಗಂಟೆ ಬಾಡಿಸಿ, ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿದರೆ ರೂಢಿಯಾಗುತ್ತದೆ. ಇನ್ನೊಂದು ಎಚ್ಚರಿಕೆ: ಸುಬಾಬುಲ್ ಕಾಯಿ ಬಲಿಯುವ ಮೊದಲೇ ಸವರಬೇಕು. ಇಲ್ಲವಾದರೆ ಬೀಜ ಉದುರಿ ಹೊಲವೆಲ್ಲ ಕಳೆಯಾದೀತು.

ಊರಲ್ಲಿ ಹಳೆಯ ಅಗಸೆ ಮರ ಎಲ್ಲಿದೆ ಎಂದು ಅಜ್ಜಿಯನ್ನು ಕೇಳಿ. ಕಾಯಿ ಒಣಗಿದಾಗ ಬೀಜ ಆರಿಸಿಡಿ. ಮುಂಗಾರು ಬಿದ್ದ ವಾರ ಹತ್ತು ಗಿಡ ಹಾಕಿದರೂ ಆದೀತು. ಹತ್ತಕ್ಕೂ ಮುಳ್ಳು ಕಟ್ಟುವುದನ್ನು ಮರೆಯಬೇಡಿ. ಪಕ್ಕದ ಮನೆಯ ಮೇಕೆಗೆ ಓದು ಬಾರದಿದ್ದರೂ ಎಳೆ ಚಿಗುರಿನ ರುಚಿ ಚೆನ್ನಾಗಿ ಗೊತ್ತು!