ಸಕ್ಕರೆಗೆ ಬಾಗಿಲು ಹಾಕಲಾರದ ಕೋಶಗಳು

ಪೋಷಕರ ಸಭೆ ಮುಗಿಸಿ ಹೊರಟಿದ್ದೆ. ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ಜೊತೆಗೆ ಬಂದರು. ಕಾಡುಗೋಡಿಯಲ್ಲಿ ಮನೆ, ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ‘ಶುಗರ್ ಇದೆ ಅಂದಿದಾರೆ ಮೇಷ್ಟ್ರೇ. ಆದ್ರೆ ನಂಗೇನೂ ಆಗಿಲ್ಲ, ಮಾತ್ರೆ ಯಾಕೆ?’ ಎಂದರು. ಗದರಿಸುವ ಅಧಿಕಾರ ನನಗಿರಲಿಲ್ಲ. ಎಂಟು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿ, ಎರಡು ವರ್ಷ ಮಾತ್ರೆ ಮುಟ್ಟದೆ, ಸ್ಟಾಫ್ ರೂಮಿಗೆ ಬಂದ ಮೈಸೂರು ಪಾಕನ್ನೆಲ್ಲ ತಿಂದವನು.

‘ಏನೂ ಆಗಿಲ್ಲ’ ಎನ್ನುವುದು ಕಣ್ಣಿಗೆ ಕಾಣುವ ಮಟ್ಟಿಗೆ ನಿಜ. ಆಗುವುದೆಲ್ಲ ರಕ್ತನಾಳದ ಒಳಮೈಯಲ್ಲಿ. ಹೃದಯದಿಂದ ಹೊರಡುವ ಮಹಾಪಧಮನಿಯಿಂದ ಹಿಡಿದು ಕೂದಲಿಗಿಂತ ಸಣ್ಣ ಲೋಮನಾಳದವರೆಗೆ ಎಲ್ಲಕ್ಕೂ ಒಂದೇ ಒಂದು ಜೀವಕೋಶದಷ್ಟು ದಪ್ಪದ ಒಳಪೊರೆಯಿದೆ. ಇದೇ ಎಂಡೋಥೀಲಿಯಂ. ಬಹುಕಾಲ ಇದನ್ನು ಬರಿಯ ಹೊದಿಕೆ ಎಂದೇ ಬಗೆಯಲಾಗಿತ್ತು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳಿಗೆ ಅಸಿಟೈಲ್‌ಕೋಲಿನ್ ಹಾಕಿ ನೋಡಿದರು. ಒಳಪೊರೆ ಇದ್ದ ತುಂಡು ಸಡಿಲವಾಯಿತು, ಉಜ್ಜಿಹೋಗಿದ್ದ ತುಂಡು ಆಗಲಿಲ್ಲ. ಅಂದರೆ ಸಡಿಲವಾಗು ಎಂಬ ಅಪ್ಪಣೆ ಆ ಪೊರೆಯಿಂದಲೇ ಬರುತ್ತಿತ್ತು. 1980ರಲ್ಲಿ ಇದು ಪ್ರಕಟವಾಯಿತು. ಅಪ್ಪಣೆ ತರುವ ದೂತ ನೈಟ್ರಿಕ್ ಆಕ್ಸೈಡ್ ಎಂದು ಮುಂದೆ ತಿಳಿಯಿತು. ವೈಟ್‌ಫೀಲ್ಡ್ ರಸ್ತೆಯ ವಾಹನಗಳ ಹೊಗೆಯಲ್ಲಿರುವ ಅದೇ ಅನಿಲ! 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಂತು.

ಈಗ ಸಕ್ಕರೆಯ ಮಾತು. ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸನ್ನು ಯಥೇಚ್ಛ ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್ ಬೇಕು. ಒಳಪೊರೆಯ ಕೋಶಕ್ಕೆ ಬೇಡ. ರಕ್ತದಲ್ಲಿ ಗ್ಲೂಕೋಸ್ ಏರಿದಂತೆ ಅದರೊಳಗೂ ಏರುತ್ತದೆ. ಸಾಕು ಎಂದು ಬಾಗಿಲು ಹಾಕಿಕೊಳ್ಳಲು ಅದಕ್ಕೆ ಬಾರದು. ತುಂಬಿದ ಸಕ್ಕರೆಯನ್ನು ಉರಿಸುವಾಗ ಹುಟ್ಟುವ ಚುರುಕು ಆಮ್ಲಜನಕದ ಕಣಗಳು ನೈಟ್ರಿಕ್ ಆಕ್ಸೈಡನ್ನು ಹಾಳುಮಾಡುತ್ತವೆ. ನಾಳ ಬಿಗಿಯುತ್ತದೆ. ನುಣುಪಾದ ಒಳಮೈಗೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳು ಅಂಟತೊಡಗುತ್ತವೆ. ಸಣ್ಣ ನಾಳಗಳು ಸೋರುತ್ತವೆ: ಅಕ್ಷಿಪಟಲದಲ್ಲಿ ನೀರು, ರಕ್ತ, ಮೂತ್ರಪಿಂಡದಲ್ಲಿ ಆಲ್ಬುಮಿನ್. ನೋವು ಮಾತ್ರ ಇಲ್ಲ.

ಸಕ್ಕರೆ ಪ್ರೋಟೀನುಗಳಿಗೂ ಅಂಟುತ್ತದೆ. ‘ಮೂರು ತಿಂಗಳ ಶುಗರ್’ ಪರೀಕ್ಷೆ ಅಳೆಯುವುದು ಹಿಮೋಗ್ಲೋಬಿನ್‌ಗೆ ಅಂಟಿದ್ದನ್ನು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆಮೇಲೆ ಆ ಲೆಕ್ಕ ಅಳಿಸಿಹೋಗುತ್ತದೆ. ನಾಳದ ಗೋಡೆಯ ಕೊಲಾಜೆನ್‌ಗೆ ಅಂಟಿದ್ದು ವರ್ಷಗಟ್ಟಲೆ ಉಳಿಯುತ್ತದೆ.

ಹಳೆಯ ಬಾಕಿ ಸುಲಭವಾಗಿ ತೀರದು ಎನ್ನುವುದಕ್ಕೆ ಒಂದು ಪ್ರಯೋಗವೇ ಇದೆ. ಅಮೆರಿಕ, ಕೆನಡಾಗಳಲ್ಲಿ ಇನ್ಸುಲಿನ್ ಅವಲಂಬಿತ ಮಧುಮೇಹವಿದ್ದ 1441 ಜನರನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದರು. 1993ರಲ್ಲಿ ಫಲಿತಾಂಶ ಬಂತು: ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಶುರುವಾಗುವ ಅಪಾಯ 76% ಕಡಿಮೆ. ಬಳಿಕ ಎರಡೂ ಗುಂಪಿನವರ ಸಕ್ಕರೆ ಹೆಚ್ಚುಕಡಿಮೆ ಸಮವಾಯಿತು. ಆದರೂ ಮೊದಲು ಬಿಗಿಯಾಗಿದ್ದವರೇ ಎಷ್ಟೋ ವರ್ಷ ಮುಂದಿದ್ದರು. ನಮ್ಮಲ್ಲಿ ಹೆಚ್ಚಾಗಿರುವ ಬಗೆಯ ಮಧುಮೇಹದಲ್ಲೂ ಮೊದಲ ವರ್ಷಗಳ ಹಿಡಿತ ಫಲ ಕೊಡುತ್ತದೆ ಎಂದು ಬ್ರಿಟನ್ನಿನ ಅಧ್ಯಯನವೊಂದು 1998ರಲ್ಲಿ ತೋರಿಸಿತು. ಏನೂ ಆಗಿಲ್ಲವೆಂದು ನಾನು ಕಳೆದ ಆ ಎರಡು ವರ್ಷ ಎಂಥವೆಂದು ಆಗ ತಿಳಿಯಿತು. ನನ್ನ ಅಕ್ಷಿಪಟಲದ ಚಿತ್ರದಲ್ಲಿ ಈಗ ನಾಲ್ಕು ಕೆಂಪು ಚುಕ್ಕೆಗಳಿವೆ, ಉಬ್ಬಿದ ಲೋಮನಾಳಗಳು.

ಆ ತಂದೆಗೆ ಇಷ್ಟನ್ನೂ ಹೇಳಿದೆ. ಮಾತ್ರೆಯ ವಿಚಾರ ವೈದ್ಯರದು. ವರ್ಷಕ್ಕೊಮ್ಮೆ ಕಣ್ಣು, ಮೂತ್ರದ ಆಲ್ಬುಮಿನ್ ತಪ್ಪದೆ ನೋಡಿಸಿ ಎಂದೆ. ಕಾಡುಗೋಡಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಮಿಂಟೊ ಕಣ್ಣಾಸ್ಪತ್ರೆ ಹತ್ತಿರ. ಪಾಪೆ ಹಿಗ್ಗಲು ಹನಿ ಹಾಕಿದರೆ ಕೆಲವು ಗಂಟೆ ದೃಷ್ಟಿ ಮಂಜಾಗಿರುತ್ತದೆ, ಸ್ಕೂಟರ್ ಬೇಡ. ‘ಶನಿವಾರ ಮಧ್ಯಾಹ್ನ ನಾನೇ ಅಪ್ಪನ ಜೊತೆ ಹೋಗ್ತೀನಿ ಸಾರ್’ ಎಂದ, ಅಷ್ಟು ಹೊತ್ತು ಸುಮ್ಮನೆ ನಿಂತಿದ್ದ ಹುಡುಗ.